ಏಳು ದಿನಗಳ ಮಾತ್ರೆ ಡಬ್ಬಿ: ಎರಡು ಮಳೆಗಾಲ ಬಳಸಿದ ಮೇಲೆ

ರಾತ್ರಿ ಎಂಟು ಗಂಟೆಯಾದರೆ ನಮ್ಮ ಮನೆಯವರು ಜಗಲಿಯಿಂದಲೇ ಕೂಗಿ ಕೇಳುತ್ತಾರೆ: "ನಿನ್ನ ಮಾತ್ರೆ ಆಯಿತೇನೇ?" 2008ರಿಂದ ಒಂದು ದಿನವೂ ಇದು ತಪ್ಪಿಲ್ಲ. ಆ ವರ್ಷ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ನನ್ನ ಹೃದಯದ ಮಿಟ್ರಲ್ ಕವಾಟವನ್ನು ತೆಗೆದು ಕೃತಕ ಕವಾಟ ಕೂರಿಸಿದರು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ರೂಪಿಸಿದ, ನಮ್ಮ ದೇಶದಲ್ಲೇ ತಯಾರಾಗುವ ಕವಾಟ ಅದು. ಮಳೆ ನಿಂತ ರಾತ್ರಿಗಳಲ್ಲಿ ಮನೆ ನಿಶ್ಶಬ್ದವಾಗಿದ್ದಾಗ ಅದರ ಟಿಕ್ ಟಿಕ್ ಶಬ್ದ ನನಗೆ ಕೇಳಿಸುತ್ತದೆ. ಆ ಶಬ್ದ ಹೀಗೇ ನಡೆಯುತ್ತಿರಬೇಕಾದರೆ ನಾನು ಬದುಕಿರುವಷ್ಟು ದಿನ, ದಿನಕ್ಕೊಂದು ಸಲ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಅಸಿಟ್ರಾಂ ಎಂಬ ಮಾತ್ರೆ ನುಂಗಲೇಬೇಕು.

"ಆಯಿತೇ?" ಎಂಬ ಪ್ರಶ್ನೆಗೆ ಹದಿನೈದು ವರ್ಷ ನೆನಪಿನಿಂದಲೇ ಉತ್ತರ ಕೊಟ್ಟೆ. ಶಾಲೆಗೆ ಹೋಗುತ್ತಿದ್ದಾಗ ದಿನಗಳಿಗೆ ಒಂದು ಆಕಾರವಿತ್ತು, ಮರೆವು ಬರುತ್ತಿರಲಿಲ್ಲ. 2021ರಲ್ಲಿ ನಿವೃತ್ತಳಾದ ಮೇಲೆ ಸೋಮವಾರವೂ ಗುರುವಾರವೂ ಒಂದೇ ಥರ ಕಾಣತೊಡಗಿದವು. ತೆಗೆದುಕೊಂಡೆನೋ ಇಲ್ಲವೋ ಎಂದು ಅಡುಗೆಮನೆಯ ನಡುವೆ ನಿಂತು ಯೋಚಿಸುವುದು ಶುರುವಾಯಿತು. ಬೇರೆ ಮಾತ್ರೆಯಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಈ ಮಾತ್ರೆಯನ್ನು ಅನುಮಾನದ ಮೇಲೆ ಎರಡನೆಯ ಸಲ ನುಂಗುವಂತಿಲ್ಲ, ಅನುಮಾನದ ಮೇಲೆ ಬಿಡುವಂತೆಯೂ ಇಲ್ಲ. ಅದಕ್ಕಾಗಿಯೇ ಮಾತ್ರೆ ಡಬ್ಬಿ ಕೊಂಡೆ. ಒಂದಲ್ಲ, ಎರಡು ಕೊಂಡೆ. ಮೊದಲನೆಯದು ಏಕೆ ಕೆಲಸಕ್ಕೆ ಬರಲಿಲ್ಲ, ಎರಡನೆಯದು ಎಷ್ಟರಮಟ್ಟಿಗೆ ಬಂತು, ಡಬ್ಬಿ ಎಷ್ಟೇ ಚೆನ್ನಾಗಿದ್ದರೂ ಯಾವ ಎಚ್ಚರ ನಮ್ಮ ಕೈಯಲ್ಲೇ ಉಳಿಯುತ್ತದೆ ಎಂಬುದನ್ನು ಹೃದಯದ ಮಾತ್ರೆ ನುಂಗುವವರಿಗೂ ಅವರನ್ನು ನೋಡಿಕೊಳ್ಳುವವರಿಗೂ ಹೇಳಬೇಕೆನಿಸಿದೆ. ನಾನು ವೈದ್ಯೆಯಲ್ಲ. ನನ್ನ ಪ್ರಮಾಣ ನಿಮ್ಮ ಪ್ರಮಾಣವಲ್ಲ. ನಿಮ್ಮದನ್ನು ನಿಮ್ಮ ವೈದ್ಯರೇ ಹೇಳಬೇಕು.

ಮೊದಲ ಡಬ್ಬಿಯನ್ನು 2023ರ ಮೇ ತಿಂಗಳಲ್ಲಿ ಸಾಗರದ ಪೇಟೆಯಲ್ಲಿ 80 ರೂಪಾಯಿಗೆ ಕೊಂಡೆ. ಉದ್ದನೆಯ ಪ್ಲಾಸ್ಟಿಕ್ ಪಟ್ಟಿ, ಏಳು ಗೂಡು, ಏಳು ಮುಚ್ಚಳ. ಮುಚ್ಚಳಗಳ ಮೇಲೆ ಇಂಗ್ಲಿಷಿನಲ್ಲಿ ವಾರದ ಹೆಸರುಗಳ ಮೊದಲ ಅಕ್ಷರ ಮಾತ್ರ: ಎಸ್, ಎಂ, ಟಿ, ಡಬ್ಲ್ಯೂ, ಟಿ, ಎಫ್, ಎಸ್. ಅಂಗಡಿಯಲ್ಲಿ ನೋಡಿದಾಗ ಏನೂ ಅನಿಸಲಿಲ್ಲ. ಮನೆಗೆ ಬಂದು ಮಾತ್ರೆ ತುಂಬಲು ಕುಳಿತಾಗ ಗೊತ್ತಾಯಿತು. ಭಾನುವಾರಕ್ಕೂ ಶನಿವಾರಕ್ಕೂ ಎಸ್. ಮಂಗಳವಾರಕ್ಕೂ ಗುರುವಾರಕ್ಕೂ ಟಿ. ಡಬ್ಬಿಯನ್ನು ತಿರುಗಿಸಿ ಹಿಡಿದರೆ ಸೋಮವಾರದ ಎಂ, ಬುಧವಾರದ ಡಬ್ಲ್ಯೂ ಆಗಿ ಕಾಣುತ್ತದೆ. ಪ್ರತಿದಿನವೂ ಒಂದೇ ಮಾತ್ರೆ ನುಂಗುವವರಿಗೆ ಇದರಿಂದ ತೊಂದರೆ ಇಲ್ಲದಿರಬಹುದು. ಹೃದಯದ ಮಾತ್ರೆಗಳು ಬಹಳ ಮಂದಿಗೆ ಹಾಗಿರುವುದಿಲ್ಲ. ನನಗೆ ಅಸಿಟ್ರಾಂ ಸೋಮವಾರ ಮತ್ತು ಶುಕ್ರವಾರ 3 ಮಿಲಿಗ್ರಾಂ, ಉಳಿದ ಐದು ದಿನ 2 ಮಿಲಿಗ್ರಾಂ. ಹೃದಯಕ್ಕೆಂದೇ ಕೊಟ್ಟಿರುವ ಇನ್ನೊಂದು ಮಾತ್ರೆ ಲ್ಯಾನಾಕ್ಸಿನ್, ಸೋಮವಾರದಿಂದ ಶುಕ್ರವಾರದವರೆಗೆ ಅರ್ಧ ಮಾತ್ರೆ, ಶನಿವಾರ ಮತ್ತು ಭಾನುವಾರ ಇಲ್ಲ. ಇಂಥ ಲೆಕ್ಕದವರಿಗೆ ವಾರದ ಹೆಸರನ್ನು ಊಹಿಸಿಕೊಳ್ಳಬೇಕಾದ ಡಬ್ಬಿ ಅಪಾಯಕಾರಿ ಎಂದೇ ನನ್ನ ಅಭಿಪ್ರಾಯ.

ಮುಚ್ಚಳಗಳೂ ಸಡಿಲ. ಜೂನ್ ತಿಂಗಳಲ್ಲಿ ಒಮ್ಮೆ ಕೈತಪ್ಪಿ ಬಿದ್ದಾಗ ಏಳರಲ್ಲಿ ನಾಲ್ಕು ತೆರೆದುಕೊಂಡು ಮಾತ್ರೆಗಳು ಅಡುಗೆಮನೆಯ ನೆಲದ ತುಂಬ ಚೆಲ್ಲಿದವು. ಹೆಕ್ಕಿ ಅಂದಾಜಿನ ಮೇಲೆ ವಾಪಸ್ ಹಾಕಬಾರದೆಂದು ಗೊತ್ತಿತ್ತು, ಎಲ್ಲವನ್ನೂ ಎಸೆದೆ. ಬಿಳಿಯ ಚಿಕ್ಕ ಮಾತ್ರೆಗಳನ್ನು ಸ್ಟ್ರಿಪ್‌ನಿಂದ ತೆಗೆದ ಮೇಲೆ ಯಾವುದು ಯಾವುದೆಂದು ಹೇಳುವುದು ನಮ್ಮಂಥವರ ಕಣ್ಣಿಗೆ ಸಾಧ್ಯವಿಲ್ಲ.

ಆದರೆ ನಿಜವಾದ ಪಾಠ ಆದದ್ದು ಆಗಸ್ಟ್‌ನಲ್ಲಿ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಅಸಿಟ್ರಾಂ ಎಂದರೆ ಅಸೆನೊಕೌಮರಾಲ್ ಎಂಬ ಔಷಧ. ರಕ್ತ ಬೇಗ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ. ಕೃತಕ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿದರೆ ಕವಾಟ ಸಿಕ್ಕಿಹಾಕಿಕೊಳ್ಳಬಹುದು, ಹೆಪ್ಪಿನ ಚೂರು ಮಿದುಳಿಗೆ ಹೋಗಿ ಲಕ್ವ ಹೊಡೆಯಬಹುದು. ಔಷಧ ಹೆಚ್ಚಾದರೆ ಒಳಗೆಲ್ಲೋ ರಕ್ತಸ್ರಾವವಾಗಬಹುದು. ಎಷ್ಟು ಸಾಕು ಎಂಬುದನ್ನು ಐಎನ್‌ಆರ್ ಎಂಬ ರಕ್ತಪರೀಕ್ಷೆ ಹೇಳುತ್ತದೆ. ಈ ಮಾತ್ರೆ ತೆಗೆದುಕೊಳ್ಳದ ಆರೋಗ್ಯವಂತರಲ್ಲಿ ಅದು 1ರ ಆಸುಪಾಸು ಇರುತ್ತದೆ. ನನ್ನ ಹಾಗೆ ಮಿಟ್ರಲ್ ಜಾಗದಲ್ಲಿ ಕೃತಕ ಕವಾಟ ಇರುವವರಿಗೆ ಸಾಮಾನ್ಯವಾಗಿ 2.5ರಿಂದ 3.5ರೊಳಗೆ ಇರಬೇಕು. ಮಳೆಗಾಲದಲ್ಲಿ ಹಳ್ಳದ ಮೇಲಿನ ಕಾಲುಸಂಕ ದಾಟಿದವರಿಗೆ ಇದನ್ನು ಬೇರೆ ಬಗೆಯಲ್ಲಿ ಹೇಳಬೇಕಾಗಿಲ್ಲ. ಎಡಕ್ಕೆ ವಾಲಿದರೂ ನೀರು, ಬಲಕ್ಕೆ ವಾಲಿದರೂ ನೀರು.

ಈ ಜಾತಿಯ ಔಷಧ ಹುಟ್ಟಿದ್ದೇ ದನದ ಕೊಟ್ಟಿಗೆಯಿಂದ ಎಂದು ಓದಿದಾಗ ನನಗೆ ಆಶ್ಚರ್ಯವಾಗಿತ್ತು. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ದನಗಳು ಚಿಕ್ಕ ಗಾಯಕ್ಕೂ ರಕ್ತ ನಿಲ್ಲದೆ ಸಾಯುತ್ತಿದ್ದವು. ಒದ್ದೆಯಾಗಿ ಬೂಸ್ಟು ಹಿಡಿದ ಸ್ವೀಟ್ ಕ್ಲೋವರ್ ಎಂಬ ಒಣಮೇವು ಕಾರಣವೆಂದು ತಿಳಿಯಿತು. 1933ರ ಚಳಿಗಾಲದಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ ಸತ್ತ ಕರುವನ್ನೂ ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತವನ್ನೂ ಹೊತ್ತು ಹಿಮ ಬೀಳುತ್ತಿರುವಾಗಲೇ ವಿಶ್ವವಿದ್ಯಾಲಯಕ್ಕೆ ಬಂದ. ಅಲ್ಲಿ ಕಾರ್ಲ್ ಲಿಂಕ್ ಎಂಬ ವಿಜ್ಞಾನಿಯ ತಂಡ ವರ್ಷಗಟ್ಟಲೆ ದುಡಿದು ಆ ಮೇವಿನೊಳಗಿನ ವಸ್ತುವನ್ನು ಬೇರ್ಪಡಿಸಿತು. ಅದೇ ಬಳಗದ ವಾರ್ಫರಿನ್ ಮೊದಲು ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು, ಆಮೇಲೆ ಮನುಷ್ಯರ ಔಷಧವಾಯಿತು. ನನ್ನ ಅಸಿಟ್ರಾಂ ಅದರ ಹತ್ತಿರದ ನೆಂಟ. ಇದನ್ನು ಹೆದರಿಸಲು ಹೇಳುತ್ತಿಲ್ಲ. ನನ್ನನ್ನು ಬದುಕಿಸಿರುವುದೇ ಈ ಮಾತ್ರೆ. ಆದರೆ ಒಂದೆರಡು ಮಿಲಿಗ್ರಾಂ ವ್ಯತ್ಯಾಸಕ್ಕೆ ಎಷ್ಟು ಬೆಲೆ ಇದೆ ಎಂಬುದು ಈ ಕಥೆ ತಿಳಿದ ಮೇಲೆ ನನ್ನ ಮನಸ್ಸಿಗೆ ಗಟ್ಟಿಯಾಗಿ ಇಳಿಯಿತು.

ಆ ಆಗಸ್ಟ್‌ನಲ್ಲಿ ನನಗೆ ಜ್ವರ ಬಂದು ಮಲಗಿದ್ದೆ. ಮಾತ್ರೆ ಮುಗಿದಿತ್ತು. ನಮ್ಮ ಮನೆಯವರು ಚೀಟಿ ಹಿಡಿದು ಪೇಟೆಗೆ ಹೋಗಿ ತಂದರು, ಡಬ್ಬಿಗೆ ತುಂಬಿದವರೂ ಅವರೇ. 2 ಮಿಲಿಗ್ರಾಂನ ಪೂರ್ತಿ ಸ್ಟ್ರಿಪ್ ಸಿಕ್ಕಿತ್ತು. ಸೋಮವಾರ ಮತ್ತು ಶುಕ್ರವಾರ ಜೊತೆಗೆ ಸೇರಿಸುವ 1 ಮಿಲಿಗ್ರಾಂ ಮಾತ್ರೆಗೆ ಅಂಗಡಿಯವರು ಆರು ಮಾತ್ರೆಯ ತುಂಡನ್ನು ಕತ್ತರಿಸಿ ಕೊಟ್ಟಿದ್ದರು. ಚೀಟಿಯಲ್ಲಿ ಕೈಬರಹದ ಒಂದು ನಾಲ್ಕರಂತೆ ಕಂಡಿತ್ತು. ಕೊಟ್ಟದ್ದು 4 ಮಿಲಿಗ್ರಾಂ. ತುಂಡಿನ ಮೇಲೆ ಔಷಧದ ಹೆಸರಿನ ಅರ್ಧ ಮಾತ್ರ ಉಳಿದಿತ್ತು, ಪ್ರಮಾಣ ಬರೆದ ಭಾಗ ಉಳಿದ ಅರ್ಧ ಸ್ಟ್ರಿಪ್‌ನೊಂದಿಗೆ ಅಂಗಡಿಯಲ್ಲೇ ಇತ್ತು. ಬಿಲ್‌ನಲ್ಲಿ ನಾಲ್ಕು ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು, ಅದನ್ನು ನಾವು ಓದಲಿಲ್ಲ. ಮಾತ್ರೆಗಳು ಡಬ್ಬಿಯೊಳಗೆ ಸೇರಿದ ಮೇಲೆ ಕೇಳುವವರೇ ಇಲ್ಲ. ಗೂಡು ತೆರೆದೆ, ಇದ್ದದ್ದನ್ನು ನುಂಗಿದೆ. 3 ಇರಬೇಕಾದ ದಿನಗಳಲ್ಲಿ 6 ನುಂಗಿದೆ.

ಹನ್ನೊಂದನೆಯ ದಿನ ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬಂತು. ತೊಡೆಯ ಮೇಲೆ ಎಲ್ಲೂ ತಾಗಿದ ನೆನಪಿಲ್ಲದ ಕಡೆ ಅಂಗೈಯಗಲ ನೀಲಿಗಟ್ಟಿತ್ತು. ಹಳಬಳಾದ್ದರಿಂದ ಲಕ್ಷಣ ಗುರುತಿಸಿದೆ. ಅಂದೇ ಐಎನ್‌ಆರ್ ಮಾಡಿಸಿದಾಗ 6.1 ಬಂತು. ಸಂಜೆಯ ಹೊತ್ತಿಗೆ ಸುಮಾರು 70 ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಹೋದೆವು. ಒಂದು ರಾತ್ರಿ ಇಟ್ಟುಕೊಂಡು ನೋಡಿದರು, ಮಾತ್ರೆಯನ್ನು ಎರಡು ದಿನ ನಿಲ್ಲಿಸಿ ಮತ್ತೆ ಪರೀಕ್ಷಿಸಿದರು, ಕಡಿಮೆಯಾದ ಮೇಲೆ ಮನೆಗೆ ಕಳಿಸಿದರು. ಮೂತ್ರ ಕೆಂಪಾಗುವುದು, ಮಲ ಡಾಂಬರಿನಂತೆ ಕಪ್ಪಾಗುವುದು, ಬಿಡದ ತಲೆನೋವು ಇದ್ದರೆ ಒಂದು ಗಳಿಗೆಯೂ ಕಾಯಬಾರದೆಂದು ಅಲ್ಲಿನ ವೈದ್ಯರು ನಮ್ಮಿಬ್ಬರನ್ನೂ ಕೂರಿಸಿ ಮತ್ತೊಮ್ಮೆ ಹೇಳಿದರು. "ಅಮ್ಮಾ, ಬಿದ್ದು ತಲೆಗೆ ಪೆಟ್ಟಾದರೆ, ಏನೂ ಆಗಿಲ್ಲ ಅನಿಸಿದರೂ ಬಂದುಬಿಡಿ" ಎಂದರು. ಜ್ವರ ಬಂದು ಸರಿಯಾಗಿ ಊಟ ಮಾಡದಿದ್ದುದೂ ಐಎನ್‌ಆರ್ ಏರಲು ಸೇರಿಕೊಂಡಿರಬಹುದು ಎಂದೂ ವಿವರಿಸಿದರು.

ನಮ್ಮ ಮನೆಯವರು ಬಹಳ ನೊಂದುಕೊಂಡರು. ಅವರ ತಪ್ಪೆಂದು ನಾನು ಎಂದೂ ಎಣಿಸಿಲ್ಲ. ಅಂಗಡಿಯವರದೊಬ್ಬರದೇ ತಪ್ಪೆಂದೂ ಹೇಳಲಾರೆ. ಚೀಟಿ, ಕತ್ತರಿ, ಬಿಲ್, ಡಬ್ಬಿ ನಾಲ್ಕೂ ಕಡೆ ಒಬ್ಬರಾದರೂ ಓದಿ ನೋಡಬಹುದಿತ್ತು. ಅಂದಿನಿಂದ ನಾನು ಅಂಗಡಿಯಲ್ಲಿ ಪೂರ್ತಿ ಸ್ಟ್ರಿಪ್ಪನ್ನೇ ಕೇಳುತ್ತೇನೆ. ಕತ್ತರಿಸಲೇಬೇಕಾದರೆ ಹೆಸರು, ಪ್ರಮಾಣ ಮತ್ತು ಅವಧಿ ಮುಗಿಯುವ ತಿಂಗಳು ಇರುವ ತುಂಡನ್ನೇ ಕೊಡಿ ಎನ್ನುತ್ತೇನೆ. ಅಲ್ಲೇ ನಿಂತು ಚೀಟಿ, ಸ್ಟ್ರಿಪ್, ಬಿಲ್ ಮೂರನ್ನೂ ಹೋಲಿಸುತ್ತೇನೆ. ಹಿಂದೆ ಜನ ಕಾಯುತ್ತಿದ್ದರೂ ಸಂಕೋಚಪಡುವುದಿಲ್ಲ. ಚೀಟಿ ಬರೆಯುವಾಗಲೇ ವೈದ್ಯರಲ್ಲಿ "ಅಂಕಿಯ ಜೊತೆ ಅಕ್ಷರದಲ್ಲೂ ಬರೆದುಕೊಡಿ" ಎಂದು ಕೇಳುತ್ತೇನೆ. ಇದುವರೆಗೆ ಯಾರೂ ಬೇಸರಿಸಿಲ್ಲ.

ಎರಡನೆಯ ಡಬ್ಬಿಯನ್ನು ಬೆಂಗಳೂರಿನಲ್ಲಿರುವ ಮಗ ಆನ್‌ಲೈನ್‌ನಲ್ಲಿ ತರಿಸಿಕೊಟ್ಟ. ಬೆಲೆ 349 ರೂಪಾಯಿ. ಒಂದು ತಟ್ಟೆಯಲ್ಲಿ ಏಳು ಬಿಡಿ ಡಬ್ಬಿಗಳು, ಪ್ರತಿಯೊಂದರಲ್ಲೂ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಗೆ ಮೂರು ಗೂಡು. ಆ ದಿನದ ಡಬ್ಬಿಯೊಂದನ್ನೇ ಕಿತ್ತು ಚೀಲಕ್ಕೆ ಹಾಕಿಕೊಳ್ಳಬಹುದು. ಮದುವೆ ಮನೆಗೋ ಬಸ್ ಪ್ರಯಾಣಕ್ಕೋ ಇದು ಬಹಳ ಅನುಕೂಲ. ಮುಚ್ಚಳ ಗಟ್ಟಿ. ಎದೆಯೆತ್ತರದಿಂದ ಬೀಳಿಸಿ ನೋಡಿದೆ, ತೆರೆದುಕೊಳ್ಳಲಿಲ್ಲ. ಗಟ್ಟಿಯಾಗಿರುವುದೇ ಕೆಲವರಿಗೆ ಕಷ್ಟ. ಬೆರಳ ಗಂಟು ನೋವಿರುವ ನಮ್ಮ ಅತ್ತಿಗೆಗೆ ಅದನ್ನು ತೆರೆಯಲಾಗಲಿಲ್ಲ, ಮುಚ್ಚಳ ಫಕ್ಕನೆ ಬಿಟ್ಟುಕೊಂಡಾಗ ಮಾತ್ರೆ ಹಾರಿ ಬಿತ್ತು. ವಯಸ್ಸಾದವರಿಗೆ ಕೊಳ್ಳುವ ಮೊದಲು ಅವರ ಕೈಯಲ್ಲೇ ತೆರೆಸಿ ನೋಡಿ.

ವಾರದ ಹೆಸರು ಇದರಲ್ಲಿ ಮೂರು ಮೂರು ಇಂಗ್ಲಿಷ್ ಅಕ್ಷರಗಳಲ್ಲಿದೆ. ಮೊದಲನೆಯದಕ್ಕಿಂತ ಮೇಲು, ಆದರೆ ಅಕ್ಷರ ತೀರಾ ಚಿಕ್ಕದು. ಕೆಂಪು ಉಗುರುಬಣ್ಣದಲ್ಲಿ ನಾನೇ ಭಾ, ಸೋ, ಮಂ, ಬು, ಗು, ಶು, ಶ ಎಂದು ದೊಡ್ಡದಾಗಿ ಬರೆದೆ. ಗೂಡುಗಳ ಮೇಲೆ ಸೂರ್ಯ, ಚಂದ್ರನ ಚಿತ್ರ ಮೊದಲೇ ಇತ್ತು, ಅದು ಯಾರಿಗಾದರೂ ಅರ್ಥವಾಗುತ್ತದೆ.

ಇನ್ನು ತೇವದ ವಿಷಯ. ಇದನ್ನು ಮಲೆನಾಡು ಮತ್ತು ಕರಾವಳಿಯವರು ಗಮನವಿಟ್ಟು ಓದಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಯಲ್ಲಿ ಉಪ್ಪು ನೀರೊಡೆಯುತ್ತದೆ, ಹಪ್ಪಳ ಮೆತ್ತಗಾಗುತ್ತದೆ. ಮಾತ್ರೆಯನ್ನು ಸ್ಟ್ರಿಪ್‌ನಿಂದ ತೆಗೆದ ಕ್ಷಣದಿಂದ ಅದಕ್ಕೂ ಅದೇ ಗತಿ. ಮಾರುವವರು ಈ ಡಬ್ಬಿ ತೇವ ತಡೆಯುತ್ತದೆ ಎಂದು ಬರೆದುಕೊಂಡಿದ್ದಾರೆ. ನನ್ನ ಅನುಭವದಲ್ಲಿ ತಡೆಯುವುದಿಲ್ಲ. 2024ರ ಜುಲೈನಲ್ಲಿ ನಮ್ಮ ಮನೆಯವರು ಎರಡು ವಾರ ಕೂಡಿಟ್ಟಿದ್ದ ಆಸ್ಪಿರಿನ್ ಗೂಡನ್ನು ತೆರೆದಾಗ ವಿನಿಗರ್‌ನಂಥ ಹುಳಿ ವಾಸನೆ ಬಂತು. ಆಸ್ಪಿರಿನ್‌ಗೆ ತೇವ ತಾಗಿ ಕೆಟ್ಟರೆ ಬರುವ ವಾಸನೆ ಅದು. ಅಂಥ ಮಾತ್ರೆಯನ್ನು ಎಸೆಯಬೇಕು. ಈಗ ನಾವು ಒಂದು ವಾರಕ್ಕಿಂತ ಹೆಚ್ಚು ತುಂಬುವುದಿಲ್ಲ. ಇಡೀ ತಟ್ಟೆಯನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬದೊಳಗಿಟ್ಟು, ಒಲೆಯಿಂದಲೂ ಬಚ್ಚಲಿನಿಂದಲೂ ದೂರದ ಕೋಣೆಯ ಕಪಾಟಿನಲ್ಲಿಡುತ್ತೇವೆ. ಫ್ರಿಜ್‌ನಲ್ಲಿಡುವುದಿಲ್ಲ. ಹೊರಗೆ ತೆಗೆದಾಗಲೆಲ್ಲ ಅದರ ಮೇಲೆ ನೀರು ಕೂರುತ್ತದೆ.

ಕೆಲವು ಔಷಧಗಳನ್ನಂತೂ ಯಾವ ಡಬ್ಬಿಗೂ ಹಾಕಬಾರದು. ನಮ್ಮ ಮನೆಯವರಿಗೆ 2019ರಲ್ಲಿ ಸ್ಟೆಂಟ್ ಹಾಕಿದ್ದಾರೆ. ಎದೆನೋವು ಬಂದರೆ ನಾಲಗೆಯ ಅಡಿಗೆ ಇಟ್ಟುಕೊಳ್ಳಲು ಸಾರ್ಬಿಟ್ರೇಟ್ ಕೊಟ್ಟಿದ್ದಾರೆ. ಅದು ದಿನದ ಲೆಕ್ಕದ ಮಾತ್ರೆಯಲ್ಲ. ಡಬ್ಬಿಯಲ್ಲಿ ಕೂತಿದ್ದರೆ ತೋಟದಲ್ಲಿ ನೋವು ಬಂದಾಗ ಪ್ರಯೋಜನಕ್ಕಿಲ್ಲ. ಸ್ಟ್ರಿಪ್ ಸಮೇತ ಅವರ ಅಂಗಿಯ ಜೇಬಿನಲ್ಲೇ ಇರುತ್ತದೆ, ಮಳೆಗಾಲದಲ್ಲಿ ಚಿಕ್ಕ ಪ್ಲಾಸ್ಟಿಕ್ ಚೀಲದೊಳಗೆ. ಅದನ್ನು ನಿಂತುಕೊಂಡು ಹಾಕಿಕೊಳ್ಳಬಾರದು. ರಕ್ತದೊತ್ತಡ ಥಟ್ಟನೆ ಇಳಿದು ತಲೆ ತಿರುಗುತ್ತದೆ, ಕುಳಿತೇ ಹಾಕಿಕೊಳ್ಳಬೇಕು. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ 108ಕ್ಕೆ ಕರೆ ಮಾಡಬೇಕು. ಇನ್ನೊಂದು ಮಾತನ್ನು ಗಂಡಸರು ಮುಚ್ಚಿಡುತ್ತಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ: ಲೈಂಗಿಕ ಶಕ್ತಿಗೆಂದು ತೆಗೆದುಕೊಳ್ಳುವ ಸಿಲ್ಡೆನಾಫಿಲ್‌ನಂಥ ಮಾತ್ರೆಯ ಜೊತೆ ಸಾರ್ಬಿಟ್ರೇಟ್ ಸೇರಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ. ತೆಗೆದುಕೊಂಡಿದ್ದರೆ ವೈದ್ಯರಿಗೆ ನಾಚದೆ ಹೇಳಲೇಬೇಕು. ಎದೆನೋವಿಗೇ ಕೊಡುವ, ಗಾಜಿನ ಬಾಟಲಿಯಲ್ಲಿ ಬರುವ ನೈಟ್ರೊಗ್ಲಿಸರಿನ್ ಮಾತ್ರೆಯನ್ನು ಅದೇ ಬಾಟಲಿಯಲ್ಲಿಡಬೇಕು. ಡಾಬಿಗಾಟ್ರಾನ್ ಎಂಬ ರಕ್ತ ತೆಳುವಾಗಿಸುವ ಕ್ಯಾಪ್ಸೂಲನ್ನೂ ನುಂಗುವ ಹೊತ್ತಿಗೇ ಅದರ ಸ್ವಂತ ಪ್ಯಾಕಿನಿಂದ ತೆಗೆಯಬೇಕು, ತೇವ ಅದಕ್ಕೆ ಆಗುವುದಿಲ್ಲ. ಪರೀಕ್ಷೆಯ ಕಾಟವಿಲ್ಲದ ಇಂಥ ಹೊಸ ಮಾತ್ರೆಗೆ ನೀವೂ ಬದಲಾಯಿಸಿಕೊಳ್ಳಬಾರದೇ ಎಂದು ನನ್ನನ್ನು ಕೇಳುವವರಿದ್ದಾರೆ. ನನ್ನಂಥ ಕೃತಕ ಕವಾಟದವರಿಗೆ ಅದನ್ನು ಕೊಡುವಂತಿಲ್ಲ. ನಮಗೆ ಅಸಿಟ್ರಾಂ ಅಥವಾ ವಾರ್ಫರಿನ್ನೇ ಗತಿ.

ಅರ್ಧ ಮಾತ್ರೆಯ ಬಗ್ಗೆಯೂ ಹೇಳಬೇಕು. ಡಬ್ಬಿಯ ಜೊತೆ ಮಾತ್ರೆ ಕತ್ತರಿಸುವ ಬ್ಲೇಡಿನ ಚಿಕ್ಕ ಸಾಧನವೊಂದು ಉಚಿತವಾಗಿ ಬಂತು, ಲ್ಯಾನಾಕ್ಸಿನ್‌ಗೆ ಚೆನ್ನಾಗಿಯೇ ಉಪಯೋಗವಾಗುತ್ತಿದೆ. ಹಿಂದೆ ಚಾಕುವಿನಿಂದ ಒತ್ತಿದಾಗ ಒಂದು ಕಡೆ ಮುಕ್ಕಾಲು, ಇನ್ನೊಂದು ಕಡೆ ಕಾಲು ಆಗುತ್ತಿತ್ತು. ಆದರೆ ಕತ್ತರಿಸುವ ಸಾಧನ ಕೈಯಲ್ಲಿದೆ ಎಂದು ಎಲ್ಲ ಮಾತ್ರೆಯನ್ನೂ ಕತ್ತರಿಸಬಾರದು. ರಕ್ತದೊತ್ತಡಕ್ಕೂ ಹೃದಯಕ್ಕೂ ಕೊಡುವ, ಹೊಟ್ಟೆಯೊಳಗೆ ನಿಧಾನವಾಗಿ ಬಿಡುಗಡೆಯಾಗುವ ಮೆಟೊಪ್ರೊಲಾಲ್ ಮಾತ್ರೆಯನ್ನು ಪುಡಿ ಮಾಡಬಾರದು, ಅಗಿಯಬಾರದು. ನಡುವೆ ಗೆರೆ ಇದ್ದರೆ, ವೈದ್ಯರು ಹೇಳಿದ್ದರೆ ಮಾತ್ರ ಎರಡು ಮಾಡಬಹುದು. ಅದನ್ನು ಸ್ವಂತ ಬುದ್ಧಿಯಿಂದ ಥಟ್ಟನೆ ನಿಲ್ಲಿಸುವುದೂ ಅಪಾಯ.

ಲ್ಯಾನಾಕ್ಸಿನ್ ಎಂದರೆ ಡಿಗಾಕ್ಸಿನ್. ಗುಣಕ್ಕೂ ವಿಷಕ್ಕೂ ನಡುವಿನ ಅಂತರ ಇದರಲ್ಲಿ ಬಹಳ ಕಡಿಮೆ. ಹಸಿವೆ ಸತ್ತುಹೋಗುವುದು, ವಾಕರಿಕೆ, ಕಣ್ಣಿಗೆ ಎಲ್ಲವೂ ಹಳದಿಯಾಗಿ ಕಾಣುವುದು ಇವು ಹೆಚ್ಚಾಗಿರುವುದರ ಗುರುತು. ಅದರ ಜೊತೆಗೆ ನನಗೆ ನೀರಿಳಿಯುವ ಮಾತ್ರೆ ಲಾಸಿಕ್ಸ್ ಕೂಡ ಇದೆ. ಮೂತ್ರದಲ್ಲಿ ಪೊಟ್ಯಾಸಿಯಂ ಹೊರಹೋಗಿ ರಕ್ತದಲ್ಲಿ ಅದರ ಮಟ್ಟ ಇಳಿದರೆ ಲ್ಯಾನಾಕ್ಸಿನ್ ವಿಷವಾಗುವ ಸಂಭವ ಹೆಚ್ಚು. ವಾಂತಿ ಭೇದಿಯಾದ ದಿನ ಡಬ್ಬಿಯಲ್ಲಿ ಇದೆಯೆಂದು ಕಣ್ಣು ಮುಚ್ಚಿ ನುಂಗದೆ ವೈದ್ಯರಿಗೆ ಫೋನು ಮಾಡುತ್ತೇನೆ. ಪ್ರತಿದಿನ ಬೆಳಿಗ್ಗೆ ಗೂಡು ತೆರೆಯುವ ಮೊದಲು ಗಡಿಯಾರ ಹಿಡಿದು ಒಂದು ನಿಮಿಷ ನಾಡಿ ಎಣಿಸುತ್ತೇನೆ. 60ಕ್ಕಿಂತ ಕಡಿಮೆಯಿದ್ದರೆ ಕೇಳದೆ ಮಾತ್ರೆ ತೆಗೆದುಕೊಳ್ಳಬೇಡಿ ಎಂದು ನನಗೆ ಹೇಳಿದ್ದಾರೆ.

ಡಬ್ಬಿಗೆ ಗೊತ್ತಾಗದ ಇನ್ನೊಂದು ಲೋಕವಿದೆ, ಅದು ನಮ್ಮ ಅಡುಗೆಮನೆ. ಸೊಪ್ಪಿನಲ್ಲಿರುವ ಕೆ ವಿಟಮಿನ್ ಅಸಿಟ್ರಾಂನ ಕೆಲಸಕ್ಕೆ ಅಡ್ಡ ಬರುತ್ತದೆ. ಆಪರೇಷನ್ ಆದ ಹೊಸತರಲ್ಲಿ ಯಾರೋ ಸೊಪ್ಪು ಮುಟ್ಟಲೇಬೇಡಿ ಎಂದರು. ಎಂಟು ತಿಂಗಳು ಒಂದೆಲಗದ ತಂಬುಳಿ, ಬಸಳೆ, ಹರಿವೆ, ನುಗ್ಗೆಸೊಪ್ಪು ಎಲ್ಲ ಬಿಟ್ಟು ಸಪ್ಪೆಯಾಗಿ ಬದುಕಿದೆ. ಆಮೇಲೆ ಜಯದೇವದ ಹಿರಿಯ ದಾದಿಯೊಬ್ಬರು ಸರಿಯಾದುದನ್ನು ಹೇಳಿಕೊಟ್ಟರು: ಬಿಡುವುದಲ್ಲ, ವಾರ ವಾರ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನುವುದು. ಆಷಾಢದಲ್ಲಿ ನಾಲ್ಕು ದಿನ ಬರೀ ಪತ್ರೊಡೆ, ಆಮೇಲೆ ತಿಂಗಳುಗಟ್ಟಲೆ ಸೊಪ್ಪೇ ಇಲ್ಲ ಎಂದಾದರೆ ಐಎನ್‌ಆರ್ ಇಳಿದು ಏರಿ ಆಡುತ್ತದೆ. ನಾನೀಗ ವಾರಕ್ಕೆ ಮೂರು ದಿನ ಒಂದೊಂದು ಬಟ್ಟಲು ತಂಬುಳಿಯೋ ಸೊಪ್ಪಿನ ಹುಳಿಯೋ ತಿನ್ನುತ್ತೇನೆ. ಪರೀಕ್ಷೆಯ ಪುಸ್ತಕದಲ್ಲಿ ಅಂಕಿಯ ಪಕ್ಕ ಅದನ್ನೂ ಬರೆದಿಡುತ್ತೇನೆ.

ಬೇರೆ ಔಷಧಗಳ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು. ಮಂಡಿನೋವಿಗೆ ಡೈಕ್ಲೊಫಿನಾಕ್, ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆ ನನಗೆ ಹೇಳಿದ್ದಲ್ಲ, ಹೊಟ್ಟೆಯೊಳಗೆ ರಕ್ತ ಸುರಿಯಬಹುದು. ಪ್ಯಾರಸಿಟಮಾಲ್ ಕೂಡ ಕೇಳಿಯೇ, ಅದೂ ಹಲವು ದಿನ ಬೇಡ. ಭೇದಿಗೆ ಕೊಡುವ ಮೆಟ್ರೊನಿಡಜೋಲ್, ಬೂಸ್ಟಿನ ಸೋಂಕಿಗೆ ಕೊಡುವ ಫ್ಲುಕೊನಜೋಲ್ ಐಎನ್‌ಆರ್ ಅನ್ನು ಬಹಳ ಏರಿಸುತ್ತವೆ. ತೆಗೆದುಕೊಳ್ಳಲೇಬೇಕಾಗಿ ಬಂದರೆ ಕೆಲವೇ ದಿನಗಳಲ್ಲಿ ಪರೀಕ್ಷೆ ಮಾಡಿಸಬೇಕು. ಊರಿನ ದವಾಖಾನೆಗೆ ಹೋದಾಗ ಸೊಂಟಕ್ಕೆ ಸೂಜಿ ಚುಚ್ಚುವ ಮೊದಲು "ನಾನು ಅಸಿಟ್ರಾಂನಲ್ಲಿದ್ದೇನೆ" ಎನ್ನುತ್ತೇನೆ, ಸ್ನಾಯುವಿನೊಳಗೆ ರಕ್ತ ಕಟ್ಟಬಹುದು. ಹಲ್ಲು ಕೀಳಿಸುವಾಗಲೂ ಹಾಗೆಯೇ. ಅಸಿಟ್ರಾಂ ನಿಲ್ಲಿಸಬೇಕೇ ಬೇಡವೇ ಎಂಬುದನ್ನು ಹೃದಯದ ವೈದ್ಯರನ್ನು ಕೇಳಬೇಕು. ಕೃತಕ ಕವಾಟಕ್ಕೆ ಸೋಂಕು ತಗುಲದಿರಲು ಮೊದಲೇ ಆ್ಯಂಟಿಬಯೊಟಿಕ್ ಬೇಕಾಗುತ್ತದೆ. ನಾಟಿ ಕಷಾಯ, ಬೆಳ್ಳುಳ್ಳಿ ಅಥವಾ ಅರಿಶಿನದ ಕ್ಯಾಪ್ಸೂಲು ಕೊಡಲು ಬರುವ ನೆಂಟರಿಗೆ ಕೈಮುಗಿದು ಬೇಡವೆನ್ನುತ್ತೇನೆ. ಒಗ್ಗರಣೆಯ ಬೆಳ್ಳುಳ್ಳಿ ಬೇರೆ, ಸಾರ ಇಳಿಸಿದ ಕ್ಯಾಪ್ಸೂಲು ಬೇರೆ.

ಮಳೆಗಾಲದಲ್ಲಿ ನನಗಿರುವ ಇನ್ನೊಂದು ಶತ್ರು ಉಂಬಳ. ಅದರ ಬಾಯಲ್ಲೇ ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವಿದೆ, ನನ್ನ ಮೈಯಲ್ಲಿ ಅಸಿಟ್ರಾಂ ಇದೆ. ಕಚ್ಚಿದ ಜಾಗದಿಂದ ತಾಸುಗಟ್ಟಲೆ ಜಿನುಗುತ್ತದೆ. ಶುದ್ಧ ಬಟ್ಟೆಯನ್ನು ಮಡಚಿ, ಮಧ್ಯೆ ಮಧ್ಯೆ ತೆಗೆದು ನೋಡದೆ, ಹತ್ತು ಹದಿನೈದು ನಿಮಿಷ ಒತ್ತಿ ಹಿಡಿಯುವುದೇ ನನಗೆ ಸರಿಹೋದ ಉಪಾಯ. ಹಲಸಿನಕಾಯಿ ಕೊಚ್ಚುವ ಕೆಲಸವನ್ನು ನಾನು ಬಿಟ್ಟುಬಿಟ್ಟಿದ್ದೇನೆ, ಮೆಟ್ಟುಗತ್ತಿಯ ಮುಂದೆ ಈಗ ನಮ್ಮ ಮನೆಯವರೇ ಕೂರುತ್ತಾರೆ.

ಡಬ್ಬಿಯ ದೊಡ್ಡ ಕೊರತೆಯೊಂದನ್ನು ಹೇಳಿಲ್ಲ. ಇದಕ್ಕೆ ಮಕ್ಕಳ ಕೈಗೆ ತೆರೆಯದಂಥ ಬೀಗವಿಲ್ಲ. ಕಳೆದ ಬೇಸಿಗೆಯಲ್ಲಿ ಬಂದಿದ್ದ ಮೂರು ವರ್ಷದ ಮೊಮ್ಮಗ ಬುಧವಾರದ ಡಬ್ಬಿಯನ್ನು ಗಿಲಕಿಯಂತೆ ಅಲ್ಲಾಡಿಸುತ್ತ ಜಗಲಿಗೆ ಬಂದದ್ದನ್ನು ಕಂಡು ನನ್ನ ಜೀವ ಹಾರಿಹೋಯಿತು. ಬಣ್ಣ ಬಣ್ಣದ ಪ್ಲಾಸ್ಟಿಕ್, ಒಳಗೆ ಗಲಗಲ ಶಬ್ದ. ಮಗುವಿಗೆ ಅದು ಆಟಿಕೆಯಲ್ಲದೆ ಮತ್ತೇನು? ಆ ಒಂದು ಡಬ್ಬಿಯೊಳಗಿನ ಲ್ಯಾನಾಕ್ಸಿನ್ ಮತ್ತು ಅಸಿಟ್ರಾಂ ಚಿಕ್ಕ ಮಗುವಿನ ಪ್ರಾಣಕ್ಕೆ ಕುತ್ತು ತರಬಲ್ಲವು. ಮಕ್ಕಳಿರುವ ಮನೆಯವರು, ರಜೆಗೆ ಮಕ್ಕಳು ಬರುವ ಮನೆಯವರು, ಇದನ್ನು ಬೀಗವಿರುವ ಕಪಾಟಿನಲ್ಲಿಡಿ. ತಯಾರಕರು ಬೀಗವಿರುವ ಮಾದರಿಯನ್ನು ಮಾಡಲೇಬೇಕು, ಅದಕ್ಕೆ ಹೆಚ್ಚು ಬೆಲೆಯಾದರೂ ಕೊಡುತ್ತೇನೆ.

ಇಷ್ಟಾದರೂ ನಾನು ಈ ಡಬ್ಬಿಯನ್ನು ಬಿಡಲಾರೆ. ಎರಡು ಮಳೆಗಾಲದಲ್ಲಿ ನನ್ನಿಂದ ತಪ್ಪಿದ್ದು ಒಂದೇ ರಾತ್ರಿ, ಅದೂ ಮಾರನೆಯ ಬೆಳಿಗ್ಗೆಯೇ ಗೂಡು ತುಂಬಿರುವುದನ್ನು ಕಂಡು ಗೊತ್ತಾಯಿತು. ಎರಡನ್ನೂ ಸೇರಿಸಿ ನುಂಗಲಿಲ್ಲ. ತಪ್ಪಿದ್ದು ಅದೇ ದಿನ ನೆನಪಾದರೆ ತೆಗೆದುಕೊಳ್ಳುವುದು, ಮರುದಿನವಾದರೆ ಬಿಟ್ಟು ಅಂದಿನದನ್ನು ಮಾತ್ರ ತೆಗೆದುಕೊಳ್ಳುವುದು, ಪುಸ್ತಕದಲ್ಲಿ ಬರೆದು ವೈದ್ಯರಿಗೆ ತಿಳಿಸುವುದು ಎಂದು ನನಗೆ ಕಲಿಸಿದ್ದಾರೆ. ಡಬ್ಬಿ ಇಲ್ಲದಿದ್ದರೆ ತಪ್ಪಿದ್ದೇ ತಿಳಿಯುತ್ತಿರಲಿಲ್ಲ. ಐಎನ್‌ಆರ್ ಪರೀಕ್ಷೆ ತಿಂಗಳಿಗೊಮ್ಮೆ ನಡೆದೇ ಇದೆ. ಹೋದ ವರ್ಷದ ಹನ್ನೆರಡರಲ್ಲಿ ಹತ್ತು ಸಲ 2.5ರಿಂದ 3.5ರೊಳಗೇ ಬಂತು. ಅಸಿಟ್ರಾಂ ರಾತ್ರಿಯೇ ಏಕೆ ಎಂದು ಕೇಳುವವರಿಗೆ: ಬೆಳಿಗ್ಗೆ ರಕ್ತ ಕೊಟ್ಟು ಮಧ್ಯಾಹ್ನ ಫಲಿತಾಂಶ ಬಂದರೆ, ಪ್ರಮಾಣ ಬದಲಾಯಿಸುವುದಿದ್ದಲ್ಲಿ ಅಂದಿನಿಂದಲೇ ಬದಲಾಯಿಸಬಹುದು. ಬದಲಾದ ದಿನ ಡಬ್ಬಿಯಲ್ಲಿ ಮೊದಲೇ ತುಂಬಿಟ್ಟದ್ದನ್ನು ಪೂರ್ತಿ ತೆಗೆದು ಹೊಸದಾಗಿ ತುಂಬಬೇಕೆಂಬುದನ್ನು ಮರೆಯಬೇಡಿ.

ನಾವು ತುಂಬುವುದು ಭಾನುವಾರ ಊಟವಾದ ಮೇಲೆ, ಕಿಟಕಿಯ ಬೆಳಕಿನಲ್ಲಿ, ಟಿವಿ ಆರಿಸಿ. ನಮ್ಮ ಮನೆಯವರು ಸ್ಟ್ರಿಪ್ ಹಿಡಿದು ಹೆಸರು, ಪ್ರಮಾಣ, ತಿಂಗಳು ಗಟ್ಟಿಯಾಗಿ ಓದುತ್ತಾರೆ, ನಾನು ವೈದ್ಯರ ಚೀಟಿ ನೋಡಿ ಹೂಂಗುಟ್ಟಿ ಗೂಡಿಗೆ ಹಾಕುತ್ತೇನೆ. ಅವರ ಡಬ್ಬಿ ನೀಲಿ, ನನ್ನದು ಹಸಿರು. ಎರಡೂ ಒಂದೇ ಸಲ ಮೇಜಿನ ಮೇಲೆ ಇರುವುದಿಲ್ಲ, ನನ್ನದು ಮುಚ್ಚಿ ಒಳಗಿಟ್ಟ ಮೇಲೆಯೇ ಅವರದು ಹೊರಗೆ ಬರುತ್ತದೆ. ಖಾಲಿಯಾಗುವವರೆಗೆ ಸ್ಟ್ರಿಪ್ ಎಸೆಯುವುದಿಲ್ಲ. ನನ್ನ ಪರ್ಸಿನಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಒಂದು ಚೀಟಿ ಇದೆ: ಕೃತಕ ಕವಾಟ, ಅಸಿಟ್ರಾಂ, ಮಗನ ಫೋನ್ ನಂಬರು.

ಕೊಳ್ಳುವವರು ಬಿಡಿ ಬಿಡಿಯಾಗಿ ಕಿತ್ತುಕೊಳ್ಳುವ ಮಾದರಿಯನ್ನೇ ಕೊಳ್ಳಿ, ಒಂದಕ್ಷರದ ಅಗ್ಗದ ಪಟ್ಟಿ ಬೇಡ. ಉಗುರುಬಣ್ಣದ ಶೀಷೆಯನ್ನೂ ಜೊತೆಗೆ ಕೊಂಡುಕೊಳ್ಳಿ, ಬೆರಳು ತಾಗಿ ತಾಗಿ ಮೂರು ತಿಂಗಳಿಗೊಮ್ಮೆ ಅಕ್ಷರ ಅಳಿಸುತ್ತದೆ. ನನ್ನದರಲ್ಲಿ ಗುರುವಾರದ 'ಗು' ಮತ್ತೆ ಮಾಸಿದೆ, ಈ ಭಾನುವಾರ ತುಂಬುವ ಮೊದಲು ತಿದ್ದಬೇಕು.